ಮಡಿವಾಳೆಪ್ಪನ ಸಮುದ್ರದ ಗಿಡ

ಅಣ್ಣಿಗೇರಿಯ ಕಡಲೆ ವ್ಯಾಪಾರಿ ಮಡಿವಾಳೆಪ್ಪನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಮಗಳು ಶಾಂಭವಿ ಕಾರವಾರದ ಪ್ರಯೋಗಾಲಯ ಸೇರಿದ ಹೊಸತರಲ್ಲಿ ಒಂದು ಫೋಟೊ ಕಳಿಸಿದ್ದಳು. ಬಂಡೆಗೆ ಅಂಟಿಕೊಂಡ ಕೇಸರಿ ಬಣ್ಣದ ವಸ್ತು, ಮೈತುಂಬ ತೂತು, ಅಲ್ಲಲ್ಲಿ ಬೆರಳಿನಂಥ ಟಿಸಿಲು. "ಇದು ಸ್ಪಂಜು ಅಪ್ಪಾ. ಇದರಾಗಿಂದ ಔಷಧ ಸಿಗತೈತೇನು ಅಂತ ಹುಡುಕೂದು ನನ್ನ ಕೆಲಸ" ಎಂದಿದ್ದಳು. ಟಿಸಿಲಿದ್ದದ್ದು ಗಿಡವಲ್ಲದೆ ಮತ್ತೇನು? ಮಡಿವಾಳೆಪ್ಪ ಮುಂದೆ ಕೇಳಲಿಲ್ಲ. ಅಂಗಡಿಗೆ ಬಂದವರಿಗೆಲ್ಲ, ಮಗಳು ಸಮುದ್ರದ ಗಿಡಮೂಲಿಕೆ ಸಂಶೋಧನೆ ಮಾಡುತ್ತಾಳೆಂದು ಹೇಳಿ ಚಹಾ ಕುಡಿಸಿದ. ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆತನಕ್ಕೆ ಅದು ಒಪ್ಪುವ ಮಾತಾಗಿತ್ತು. ಮಾತು ಬೆಳೆಯುತ್ತ ಮಠದವರೆಗೂ ಹೋಯಿತು. ಶಿವಾನುಭವ ಗೋಷ್ಠಿಯಲ್ಲಿ 'ಕಡಲ ಗಿಡಮೂಲಿಕೆ' ಕುರಿತು ಶಾಂಭವಿ ಮಾತನಾಡಬೇಕೆಂದು ಕರೆ ಬಂತು.

ಗೋಷ್ಠಿಯ ದಿನ ಊರಿಗೆ ಬಂದ ಶಾಂಭವಿ ರೊಟ್ಟಿ ಮುರಿಯುತ್ತ ಕರಪತ್ರ ಓದಿ ನಕ್ಕಳು.

"ಅಪ್ಪಾ, ಸ್ಪಂಜು ಗಿಡ ಅಲ್ಲ. ಪ್ರಾಣಿ."

ಮಡಿವಾಳೆಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಪ್ರಾಣಿ ಅಂದ್ರ? ಮೀನಿನಂಗ?"

"ಮೀನಿಗಿಂತ ಭಾಳ ಹಳೇದು."

"ಹಳೇದಾದ್ರ ಪಾಪ ಕಡಿಮಿ ಆಗತೈತೇನು?"

ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ ರೇವವ್ವ ಎಲೆಗೆ ಸುಣ್ಣ ಹಚ್ಚುತ್ತ ಅಂದಳು: "ಕಡಲಿ ಅಂತ ಹೇಳಿ ವಟಾಣಿ ಮಾರಿದಂಗಾತು ನೋಡಪಾ."

"ನೀ ಬರೇ 'ಜೀವಿ' ಅಂದುಬಿಡವಾ" ಎಂದು ಮಡಿವಾಳೆಪ್ಪ ಮಗಳನ್ನು ಬೇಡಿಕೊಂಡ. "ಗಿಡಾನೂ ಜೀವಿನ, ಪ್ರಾಣಿನೂ ಜೀವಿನ."

"ಆತು" ಎಂದಳು ಶಾಂಭವಿ. ಅಷ್ಟು ಬೇಗ ಒಪ್ಪಿದ್ದರಿಂದಲೇ ಅವನಿಗೆ ಧೈರ್ಯ ಬರಲಿಲ್ಲ.

ಮಠದಲ್ಲಿ ಜನ ಸೇರಿದ್ದರು. ಶಾಂಭವಿ ತಡವರಿಸದೆ ಮಾತನಾಡಿದಳು. "ಇದಕ್ಕ ಹಲ್ಲಿಲ್ಲ, ಉಗುರಿಲ್ಲ, ಓಡಿ ಹೋಗಾಕ ಕಾಲಿಲ್ಲ. ಕುಂತಲ್ಲೇ ನೀರು ಸೋಸಿಕೊಂಡು ತಿಂತೈತಿ. ತಿನ್ನಾಕ ಬಂದವರಿಂದ ಹೆಂಗ ಉಳೀತೈತಿ? ಮೈಯಾಗ ವಿಷ ಇಟ್ಟುಕೊಂಡು. ಆ ವಿಷಾನ ಬ್ಯಾರೆ ಮಾಡಿ ರೋಗದ ಜೀವಕೋಶಗಳ ಮ್ಯಾಲೆ ಹಾಕಿ ನೋಡ್ತೀವ್ರಿ. ಹೆಚ್ಚಿನವು ಕೆಲಸಕ್ಕ ಬರೂದಿಲ್ಲ." ರಕ್ತದ ಕ್ಯಾನ್ಸರಿಗೆ ಕೊಡುವ ಒಂದು ಔಷಧದ ಮೊದಲ ಸುಳಿವು ಇಂಥದೇ ಒಂದು ಸ್ಪಂಜಿನಿಂದ ಸಿಕ್ಕಿತ್ತು ಎಂದಾಗ ಹಿಂದಿನ ಸಾಲಿನವರೂ ಮುಂದೆ ಬಾಗಿದರು.

ಆಗ ಎದ್ದವನು ಸಂಗನಬಸವ. ಮಡಿವಾಳೆಪ್ಪನ ಪಕ್ಕದ ಹತ್ತಿ ಅಂಗಡಿಯವನು, ದಿನದ ಚಹಾದ ಜೊತೆಗಾರ.

"ಅಲ್ಲವಾ ತಂಗಿ, ಇದು ಗಿಡಾನೋ ಪ್ರಾಣಿನೋ?"

"ಅಪ್ಪ ಹೇಳ್ತಾರ್ರಿ ಕಾಕಾ" ಎಂದು ಶಾಂಭವಿ ಕೂತುಬಿಟ್ಟಳು.

ಮಡಿವಾಳೆಪ್ಪ ಎದ್ದು ಟೊಪ್ಪಿಗೆ ಸರಿ ಮಾಡಿಕೊಂಡ. "ಪ್ರಾಣಿನ ಐತ್ರಿ. ನಾ ಫೋಟೊ ನೋಡಿ ಗಿಡ ಅಂದುಕೊಂಡಿದ್ದೆ. ಅದಕ್ಕ ಕೈಯಿಲ್ಲ, ಕಾಲಿಲ್ಲ, ಮಿದುಳೂ ಇಲ್ಲಂತ. ಹಗಲೆಲ್ಲ ಕುಂತಲ್ಲೇ ಕುಂತಿರತೈತಂತ."

"ಹಂಗಾರ ಇಂಥಾದ್ದೊಂದು ನಮ್ಮ ಬಾಜು ಅಂಗಡಿ ಗಾದಿ ಮ್ಯಾಲೂ ಐತಿ ಬಿಡ್ರಿ" ಎಂದ ಸಂಗನಬಸವ. ಸ್ವಾಮಿಗಳೂ ಶಾಲು ಅಡ್ಡ ಹಿಡಿದು ನಕ್ಕರು.

ಹಿಂದೆ ಕೂತಿದ್ದ ಹನಮವ್ವ ಎಂಬಾಕೆ, "ಅದನ್ನ ಕೊಲ್ತೀರೇನವಾ?" ಎಂದು ಕೇಳಿದಳು.

"ಇಲ್ರಿ. ಒಂದು ಚೂರು ಕೊಯ್ತೀವಿ, ಉಳಿದದ್ದು ಮತ್ತ ಬೆಳೀತೈತಿ. ನಮಗ ಬೇಕಾದ್ದನ್ನ ಅದರೊಳಗ ಬಾಡಿಗಿಗೆ ಇರೂ ಬ್ಯಾಕ್ಟೀರಿಯಾ ಮಾಡ್ತಾವು ಅಂತ ನಮ್ಮ ಗುಮಾನಿ. ಅವನ್ನ ಬಾಟಲ್ಯಾಗ ಬೆಳಸಿದ್ರ ಸ್ಪಂಜು ಮುಟ್ಟೂದೇ ಬ್ಯಾಡ. ಆದ್ರ ಅವು ಬೆಳೀವಲ್ಲವು."

ಮೊಮ್ಮಗಳ ಮಾತು ಕೇಳಲು ಬಂದಿದ್ದ ರೇವವ್ವ ಕೂತಲ್ಲಿಂದಲೇ, "ಹೆಪ್ಪು ಹಾಕಿ ಅಲುಗಾಡಿಸ್ತಿರಬೇಕು ನೀ" ಎಂದಳು.

"ಖರೇನ ಆಯಿ. ಅಲುಗಾಡಿಸಾಕ ಒಂದು ಮಷಿನ್ನೇ ಐತಿ."

"ಮತ್ತ ಮೊಸರು ಹೆಂಗಾದೀತು?"

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಮಗಳ ಪಕ್ಕ ಕೂತಾಗ ಮಡಿವಾಳೆಪ್ಪನಿಗೆ ಒಂದು ಮಾತು ಚುಚ್ಚಿತು. ಊರಿಗೆಲ್ಲ ಇವಳ ಕೆಲಸ ಹೇಳಿಕೊಂಡು ತಿರುಗಿದ್ದ. ಇವಳನ್ನು ಮಾತ್ರ ಏನೂ ಕೇಳಿರಲಿಲ್ಲ.

"ಅದನ್ನ ನೋಡಬೇಕಂದ್ರ ನೀರಾಗ ಮುಳುಗಬೇಕೇನು?"

"ಬ್ಯಾಡಪ್ಪ. ಅಮಾಸಿ ಹೊತ್ತಿಗೆ ಸಮುದ್ರ ಅಗದಿ ಹಿಂದ ಸರೀತೈತಿ. ಬಂಡಿಗಲ್ಲಿನ ಮ್ಯಾಲೇ ಕಾಣತಾವು."

"ಅಮಾಸಿಗೆ ಅಂಗಡಿನೂ ಬಂದ್ ಇರತೈತಿ" ಎಂದು ಮಡಿವಾಳೆಪ್ಪ ದೂರ ನೋಡಿದ. ಮತ್ತೆ ಕೇಳಿದ: "ಅಲ್ಲೆ ರೊಟ್ಟಿ ಖಾನಾವಳಿ ಐತೇನು?"

"ಐತಿ. ಮೀನಿನ ವಾಸನಿನೂ ಐತಿ."

ಆದರೂ ಹೋದ. ಅಮಾವಾಸ್ಯೆಯ ಬೆಳಿಗ್ಗೆ ಧೋತರ ಎತ್ತಿ ಕಟ್ಟಿ, ಮಗಳ ಹೆಗಲು ಹಿಡಿದು, ಪಾಚಿಗಲ್ಲುಗಳ ಮೇಲೆ ಜಾರುತ್ತ ನಡೆದ. ಏಡಿಯೊಂದು ಕಾಲ ಬಳಿ ಹಾದಾಗ ಅವನು ಹಾರಿದ್ದನ್ನು ಶಾಂಭವಿ ಅಜ್ಜಿಗೆ ಹೇಳುವೆನೆಂದು ಹೆದರಿಸಿದಳು. ಕಲ್ಲಿನ ಸಂದಿಯಲ್ಲಿ, ಗೇಣುದ್ದ ನೀರಿನೊಳಗೆ, ಕೇಸರಿ ಬಣ್ಣದ ಸ್ಪಂಜು ಅಂಟಿಕೊಂಡಿತ್ತು. ಮಡಿವಾಳೆಪ್ಪ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ.

"ನಾವು ಬಂದದ್ದು ಇದಕ್ಕ ಗೊತ್ತಾಗತೈತೇನು?"

"ಇಲ್ಲಪ್ಪ."

ಆದರೂ ಅವನು ತನ್ನ ನೆರಳು ಅದರ ಮೇಲೆ ಬೀಳದಂತೆ ಪಕ್ಕಕ್ಕೆ ಸರಿದು ಕೂತ. ನೀರು ಮತ್ತೆ ಏರತೊಡಗಿದಾಗ ಶಾಂಭವಿ ತೋಳು ಹಿಡಿದು ಎಬ್ಬಿಸಬೇಕಾಯಿತು.