ಗೋಮಾಳದ ಕಣಗಿಲೆ

ಪಿಕಾಸಿಯ ಮೊದಲ ಏಟು ಬುಡಕ್ಕೆ ಬೀಳುವಷ್ಟರಲ್ಲಿ ಲಲಿತಮ್ಮ ಓಡಿಬಂದು ಕಣಗಿಲೆ ಗಿಡಕ್ಕೆ ಬೆನ್ನು ಕೊಟ್ಟು ನಿಂತಳು.

"ಮೊದ್ಲು ನನ್ ಕಡಿ ಮುದ್ದಕ್ಕ, ಆಮೇಲೆ ಗಿಡ."

ಮುದ್ದಮ್ಮ ಪಿಕಾಸಿ ಇಳಿಸಿದಳು. ಮಾದಿಹಳ್ಳಿ ಗೋಮಾಳದ ಅಂಚಿಗೆ ಲಲಿತಮ್ಮನ ಅತ್ತೆ ನೆಟ್ಟ ಸಾಲು ಅದು. ಅದರ ಹೂ ಬಿಡಿಸಿ, ಮಾಲೆ ಕಟ್ಟಿ, ಬೆಳಗಿನ ಬಸ್ಸಿಗೆ ಹಳೇಬೀಡಿಗೆ ಒಯ್ದು ಮಾರಿದರೇ ಲಲಿತಮ್ಮನ ಒಲೆ ಹತ್ತುವುದು. ಅದು ಮುದ್ದಮ್ಮನಿಗೂ ಗೊತ್ತು. ಆದರೆ ಹೋದ ವಾರ ಅವಳ ಕರೆಯುವ ಹಸು ಇದೇ ಬಯಲಲ್ಲಿ ಮೇದು ಬಂದು, ನೊರೆ ಸುರಿಸಿ, ಕೊಟ್ಟಿಗೆಯಲ್ಲಿ ಕಾಲು ಚಾಚಿತ್ತು. ಡಾಕ್ಟರು ಹೊಟ್ಟೆ ಕೊಯ್ದು ಕಣಗಿಲೆ ಎಲೆ ತೋರಿಸಿದ್ದರು. ಈಗ ಉಳಿದಿರುವುದು ಗಬ್ಬದ ಕಡಸು ಒಂದೇ. ಅದನ್ನು ಬಿಡಲು ಈ ಬಯಲು ಬಿಟ್ಟರೆ ಬೇರೆ ಹುಲ್ಲಿಲ್ಲ.

"ಅತ್ತೆ ಕಾಲ್ದಿಂದ ಐತೆ ಈ ಗಿಡ. ಒಂದ್ ದನ ಬಾಯಿ ಹಾಕಿರೋದು ತೋರ್ಸು!"

"ಹಸೀದು ಮುಟ್ಟಲ್ಲ ಕಣೇ. ಹೂವ ಚೆನ್ನಾಗ್ ಬರ್ಲಿ ಅಂತ ರೆಂಬೆ ಸವರಿ ಹುಲ್ಲಿನ್ ಮ್ಯಾಲೆ ಬಿಟ್ಯಲ್ಲ, ಅದು ಬಾಡ್ತು. ಬಾಡಿದ್ ಎಲೆ ಹುಲ್ಲಿನ್ ಜೊತೆ ಬಾಯಿಗ್ ಹೋದ್ರೆ ದನಕ್ಕೇನ್ ಗೊತ್ತಾಯ್ತದೆ?"

ಲಲಿತಮ್ಮ ಕಾಲಡಿಯ ಹುಲ್ಲು ನೋಡಿದಳು. ಆದರೂ ಸರಿಯಲಿಲ್ಲ. "ಇದನ್ನ ಕಿತ್ರೆ ನಾನೇನ್ ಮಾರ್ಲಿ?"

"ನಾನೇನ್ ಬಿಸಾಕ್ತೀನಿ ಅಂದ್ನಾ? ನಿನ್ ಹಿತ್ಲಿಗೆ ಗೋಡೆ ಐತೆ. ಮಣ್ಣಿನ್ ಸಮೇತ ಎಬ್ಬಿಸಿ ಅಲ್ ನೆಡಾನ. ಈ ಮಳೇಲಿ ಬದುಕ್ತವೆ. ಹೂ ಬಿಡೋವರ್ಗೂ ನಮ್ಮನೆ ಕನಕಾಂಬರ ನೀನೇ ಬಿಡಿಸ್ಕೊ. ನೀನು ಹಳೇಬೀಡಿಗ್ ಹೋಗಿದ್ದಾಗ ಗುಂಡೀನೂ ತೋಡಿದ್ದೀನಿ."

"ಹೇಳ್ದೆ ಕೇಳ್ದೆ ನನ್ ಹಿತ್ಲಿಗೆ ನುಗ್ದ್ಯಾ?"

"ಕೇಳಿದ್ರೆ ಬಿಡ್ತಿದ್ಯಾ?"

ದಾರಿಯಲ್ಲಿ ಎತ್ತು ಹೊಡೆದುಕೊಂಡು ಬರುತ್ತಿದ್ದ ಗಿಡ್ಡಪ್ಪ ನಿಂತು ನಕ್ಕ. "ಏನ್ ಮುದ್ದಕ್ಕ, ದೇವ್ರ ಹೂವಿನ್ ಗಿಡಕ್ಕೇ ಪಿಕಾಸಿನಾ? ಪಾಪ ಸುತ್ಕೊಂಡಾತು!"

"ನಿನ್ ಎತ್ತೂ ಇಲ್ಲೇ ಅಲ್ವೇನ್ಲಾ ಮೇಯೋದು? ಅವನ್ನ ಮರಕ್ ಕಟ್ಟಿ ಬುಡ ಹಿಡಿ ಬಾ."

ಗಿಡ್ಡಪ್ಪ ಒಮ್ಮೆ ಎತ್ತುಗಳನ್ನು, ಒಮ್ಮೆ ಹುಲ್ಲನ್ನು ನೋಡಿದ. ಸರಸರನೆ ಹಗ್ಗ ಬಿಗಿದು ಬಂದ. ಲಲಿತಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. "ಬೇರು ಕಡೀಬ್ಯಾಡ್ರಿ ಮತ್ತೆ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಗಿಡಗಳೆಲ್ಲ ಹಿತ್ತಲು ಸೇರಿದವು. ಬಿದ್ದಿದ್ದ ಒಣ ರೆಂಬೆಗೆ ಗಿಡ್ಡಪ್ಪ ಬೆಂಕಿಪೊಟ್ಟಣ ತೆಗೆದಾಗ ಮುದ್ದಮ್ಮ ಗದರಿದಳು. "ಅದರ ಹೊಗೇನೂ ಕೆಟ್ಟದ್ದೇ. ಹೂತ್ಹಾಕು."

ಆಳವಾಗಿ ಗುಂಡಿ ತೋಡಿ ರೆಂಬೆ ತುಂಬಿದ್ದಾಯಿತು. ಮುದ್ದಮ್ಮ ಪಿಕಾಸಿ ಹೆಗಲಿಗೇರಿಸಿ ತಿರುಗಿ ನೋಡಿದಳು. ಲಲಿತಮ್ಮ ಇನ್ನೂ ಹೊರಟಿರಲಿಲ್ಲ. ಸಾಲು ಇದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹುಲ್ಲು ಬಿಡಿಸಿ ಬಿಡಿಸಿ, ಒಂದೊಂದೇ ಕಂದು ಎಲೆ ಹೆಕ್ಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

ಮುದ್ದಮ್ಮ ಪಿಕಾಸಿ ಕೆಳಗಿಟ್ಟು, ಇನ್ನೊಂದು ತುದಿಯಿಂದ ಹೆಕ್ಕತೊಡಗಿದಳು.