ಕಾಲು ಇದ್ದಷ್ಟು ಸೀಟು

ಒಂದು ಬಸ್ಸು ತಪ್ಪಿದರೆ, ಮುಂದೆ ಇಳಿದು ಹತ್ತಬೇಕಾದ ಇನ್ನೊಂದೂ ತಪ್ಪುತ್ತದೆ. ಅದೂ ತಪ್ಪಿದರೆ ಕೆಲಸದ ಜಾಗದಲ್ಲಿ ಮಾತು ಕೇಳಬೇಕಾಗುತ್ತದೆ. ಪಟ್ಟಣದಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಟ್ಟಡದ ಮೇಲಿನ ಮಹಡಿಯ ಟೈಲರಕ್ಕನಿಗೂ ಇದೇ ಪಾಡು. ಶಾಲೆಯವರಿಗೆ ಸಮವಸ್ತ್ರ, ಆಸ್ಪತ್ರೆಯವರಿಗೆ ಕೋಟು ಹೊಲಿಯುವ ಅಂಗಡಿಯಲ್ಲಿ ಅವಳು ಬಟ್ಟೆ ಕತ್ತರಿಸುವವಳು. ಅವಳು ಕತ್ತರಿಸಿ ಕೊಟ್ಟರೆ ಮಾತ್ರ ಉಳಿದವರು ಹೊಲಿಯಬೇಕು. ಅವಳು ಬರುವವರೆಗೆ ಅಲ್ಲಿನ ಮಿಷನ್ನುಗಳೆಲ್ಲ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ. ಅಂಗಡಿ ಪಕ್ಕದ ಬೀದಿಯಲ್ಲಿದ್ದಾಗ ತೊಂದರೆ ಇರಲಿಲ್ಲ. ಈಗ ಅದು ಸೇತುವೆಯ ಆಚೆಗೆ ಹೋಗಿದೆ. ನಡೆದು ಹೋಗಲು ದೂರ, ಬಸ್ಸಿನಲ್ಲಿ ಹೋದರೆ ಊರೆಲ್ಲ ಸುತ್ತು.

ತಡವಾಗಿ ಹೋಗಿ ಹೋಗಿ, ಕೊನೆಗೆ ಅಂಗಡಿಯ ಯಜಮಾನಿ ಮುಲಾಜಿಲ್ಲದೆ ಹೇಳಿಬಿಟ್ಟಳು.

“ನಿನ್ನ ಕೈ ಬಂಗಾರ, ಒಪ್ತೀನಿ. ಆದ್ರೆ ಬಂಗಾರ ಬಿಸಿಲೇರಿದ ಮೇಲೆ ಬಂದ್ರೆ ನಾನೇನು ಮಾಡ್ಲಿ? ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬಾ. ಆಗಲ್ಲ ಅಂದ್ರೆ ಕತ್ತರಿ ಬೇರೆಯವರ ಕೈಗೆ ಕೊಡ್ತೀನಿ. ನೀನು ಮನೇಲೇ ಕೂತು ಕಾಜಾ ಹಾಕಿಕೊಡು.”

ಗುಂಡಿಗೆ ಕಾಜಾ ಹಾಕುವುದೂ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಗುಂಡಿ ಹೊಲಿಯುವಲ್ಲಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಹತ್ತಿ ಕತ್ತರಿ ಮೇಜಿಗೆ ಬಂದವಳು ಅವಳು. ಅವಳನ್ನು ಮತ್ತೆ ಗುಂಡಿಗೇ ಕಳಿಸಿದರೆ ಸಂಕಟವಾಗದೆ ಇರುತ್ತದೆಯೇ?

ಹಾಗೆಂದು ಅವಳು ಕೈಕಟ್ಟಿ ಕೂತವಳೂ ಅಲ್ಲ. ಆ ವಾರವೇ ಒಂದು ಸೈಕಲ್ ಕೊಂಡು ತಂದಿದ್ದಳು. ಕಡುಗಪ್ಪು ಬಣ್ಣ, ಸಪೂರ ಚಕ್ರ. ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ, ಹಿಂದೆ ಕ್ಯಾರಿಯರ್ ಇಲ್ಲ. ಅಂಗಡಿಯ ಗಾಜಿನೊಳಗೆ ದೀಪದ ಬೆಳಕಿನಲ್ಲಿ ಮದುಮಗನ ಹಾಗೆ ನಿಂತಿತ್ತಂತೆ. “ಬಣ್ಣ ನೋಡಿ ಬಟ್ಟೆ ತಗೊಂಡು ಆಮೇಲೆ ಅಳಬೇಡಿ” ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವಳು ತಾನು ಬಣ್ಣ ನೋಡಿಯೇ ಸೈಕಲ್ ತಂದಳು. ಹೇಳುವುದು ಒಂದು, ಮಾಡುವುದು ಇನ್ನೊಂದು, ನಾವೆಲ್ಲ ಅಷ್ಟೇ.

ಸೈಕಲ್ ಮನೆಗೆ ಬಂದಾಗ ಅವಳ ಅತ್ತೆ ಒಂದು ಷರತ್ತು ಹಾಕಿದರು. “ಕೂತಲ್ಲೇ ಎರಡು ಕಾಲೂ ಪೂರ್ತಿ ನೆಲಕ್ಕೆ ತಾಗ್ಬೇಕು. ಇಲ್ಲಾಂದ್ರೆ ಬೀದಿಗೆ ಇಳಿಸಬೇಡ.” ಸೊಸೆ ಹೂಂ ಅಂದಳು. ಸೀಟನ್ನು ಎಷ್ಟು ಕೆಳಗೆ ಹೋಗುತ್ತದೋ ಅಷ್ಟೂ ಇಳಿಸಿದಳು.

ತುಳಿಯುವಾಗ ಮಂಡಿ ಎದೆಯ ಹತ್ತಿರ ಬರುತ್ತಿತ್ತು. ಮೊದಲ ದಿನವೇ ಮಂಡಿ ಹಿಡಿದುಕೊಂಡಿತು. ಮರುದಿನ ಮೆಟ್ಟಿಲು ಇಳಿಯುವಾಗ “ಅಮ್ಮಾ” ಎನ್ನುವಂತಾಯಿತು. ಅದರ ಮರುದಿನ ಉದ್ದ ಲಂಗದ ಅಂಚು ಚೈನಿಗೆ ಸಿಕ್ಕಿ, ಮೂಲೆಯ ಬೇಕರಿಯ ಮುಂದೆ ಎಲ್ಲರ ಎದುರಿಗೆ ಬಿದ್ದಳು. ಪುಣ್ಯಕ್ಕೆ ಹಿಂದೆ ಗಾಡಿ ಇರಲಿಲ್ಲ. ಮೊಣಕೈ ತರಚಿತು, ಲಂಗ ಹರಿಯಿತು, ಸೈಕಲ್ ಮೆಟ್ಟಿಲ ಕೆಳಗೆ ಸೇರಿತು.

ಅಂಗಡಿಗಳ ಬೋರ್ಡು ಬರೆಯುವ ಅವಳ ಗಂಡ ಕುಂಚ ತೊಳೆಯುತ್ತಾ ಕೆಣಕಿದ. “ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ.”

“ನೆಲ ನೆಟ್ಟಗೇ ಇದೆ ಮಹಾರಾಯ,” ಎಂದಳು ಟೈಲರಕ್ಕ. “ಡೊಂಕಾಗಿರೋದು ನನ್ನ ಮಂಡಿ.”

ಶನಿವಾರ ಸಂಜೆ ಕೆಳಗಿನ ಮನೆಯ ನರ್ಸಮ್ಮ ಗಾಯಕ್ಕೆ ಪಟ್ಟಿ ಬದಲಿಸಲು ಮೇಲೆ ಬಂದಳು. ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡುವುದು ಅವಳ ಕೆಲಸ. ಹೋಗುವುದು ಸೈಕಲ್ ಮೇಲೆ, ಅದೂ ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ. ಆ ಬಿಳಿಗೆ ಒಂದು ಎಣ್ಣೆಯ ಚುಕ್ಕೆ ಬಿದ್ದದ್ದನ್ನು ನಾವು ಯಾರೂ ಕಂಡಿಲ್ಲ.

ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಕ್ರೋಶಾ ಹೆಣೆಯುತ್ತಿದ್ದರು. ಆ ಮನೆಯಲ್ಲಿ ರೇಡಿಯೋಗೆ, ನೀರಿನ ಹೂಜಿಗೆ, ಮೇಜಿಗೆ, ಕನ್ನಡಿಗೆ ಎಲ್ಲಕ್ಕೂ ಅವರು ಹೆಣೆದ ಹೊದಿಕೆ ಇದೆ. ಹೊದಿಕೆ ಇಲ್ಲದೆ ಉಳಿದಿರುವುದು ಬೆಕ್ಕು ಮಾತ್ರ, ಅದೂ ಕೈಗೆ ಸಿಗದ್ದರಿಂದ.

“ನೀವೇ ಹೇಳಿ ನರ್ಸಮ್ಮ,” ಎಂದರು ಅತ್ತೆ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಸೈಕಲ್ ನಮಗಲ್ಲ. ಕಾಜಾ ಹಾಕ್ಕೊಂಡು ಮನೇಲಿರ್ಲಿ, ಕೈಕಾಲು ನೆಟ್ಟಗಿರುತ್ತೆ.”

ನರ್ಸಮ್ಮ ಪಟ್ಟಿ ಸುತ್ತುತ್ತಲೇ ನಕ್ಕಳು. “ಅದು ಹಾಸಿಗೆ ವಿಷಯ ಅಮ್ಮಾ. ಸೈಕಲ್‌ಗೆ ಇದು ಉಲ್ಟಾ. ಕಾಲು ಇದ್ದಷ್ಟು ಸೀಟು ಎತ್ತಬೇಕು.” ಆಮೇಲೆ ಟೈಲರಕ್ಕನ ಕಡೆ ತಿರುಗಿದಳು. “ಅಕ್ಕಾ, ಯಾರಾದ್ರೂ ಬಂದು, ಪಕ್ಕದ ಮನೆಯವಳ ಅಳತೆಗೆ ನನಗೊಂದು ಅಂಗಿ ಹೊಲಿದು ಕೊಡಿ ಅಂದ್ರೆ ಏನು ಮಾಡ್ತೀರಿ?”

“ಟೇಪು ತಗೊಂಡು ಓಡಿಸ್ತೀನಿ.”

“ಮತ್ತೆ ಸೈಕಲ್‌ಗೆ ಯಾಕೆ ಅಳತೆ ತಗೊಳ್ಳಲಿಲ್ಲ?”

ಟೈಲರಕ್ಕ ತನ್ನ ಮಂಡಿಯನ್ನು ನೋಡಿಕೊಂಡಳು.

“ಎರಡು ಕಾಲೂ ನೆಲಕ್ಕೆ ತಾಗೋ ಹಾಗೆ ಸೀಟು ಇಳಿಸಿದ್ರೆ ನಿಂತಾಗ ಸುಖ,” ಎಂದಳು ನರ್ಸಮ್ಮ. “ಆದ್ರೆ ಸೈಕಲ್ ತಗೊಂಡಿರೋದು ನಿಲ್ಲೋಕಲ್ವಲ್ಲ. ತುಳಿಯೋವಾಗ ಮಂಡಿ ಪೂರ್ತಿ ಮಡಚಿಕೊಂಡೇ ಇರುತ್ತೆ, ಭಾರ ಎಲ್ಲಾ ಅಲ್ಲೇ ಬೀಳುತ್ತೆ. ನೋಯದೆ ಇನ್ನೇನಾಗುತ್ತೆ?”

ಅತ್ತೆಯ ಕೈಯಲ್ಲಿ ಕ್ರೋಶಾ ಕಡ್ಡಿ ನಿಂತುಹೋಯಿತು. “ಬೀಳೋ ಹೊತ್ತಿಗೆ ಕಾಲು ಕೊಡೋಕೆ ಬೇಡ್ವಾ? ಅವಳಿಗೆ ಏನಾದ್ರೂ ಆದ್ರೆ ನಾನು ಏನು ಮಾಡ್ಲಿ ನರ್ಸಮ್ಮ? ನನಗೆ ಮಗಳು ಅಂತ ಇರೋಳು ಇವಳೊಬ್ಬಳು.” ಟೈಲರಕ್ಕ ತಲೆ ತಗ್ಗಿಸಿದಳು. ಅತ್ತೆಯ ಷರತ್ತಿನ ಹಿಂದೆ ಇದ್ದದ್ದು ಹಟವಲ್ಲ, ಹೆದರಿಕೆ ಎಂದು ಅವಳಿಗೆ ಆಗ ತಿಳಿಯಿತು.

“ನಾಳೆ ಬೆಳಿಗ್ಗೆ ಅಂಗಳಕ್ಕೆ ಬನ್ನಿ ಅಮ್ಮಾ,” ಎಂದಳು ನರ್ಸಮ್ಮ ಮೆತ್ತಗೆ. “ಕಣ್ಣಾರೆ ನೋಡಿ. ಆಮೇಲೂ ಬೇಡ ಅಂದ್ರೆ ಬೇಡ.”

ಭಾನುವಾರ ನಾವೆಲ್ಲ ಅಂಗಳದಲ್ಲಿ ಸೇರಿದೆವು. ಟೈಲರಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಈ ಗೋಡೆಯಿಂದ ಆ ಗೋಡೆಗೆ ಒಂದು ಗೆರೆ ಎಳೆದಳು. ಸೀಟು ಇಳಿಸಿದ ಸೈಕಲ್‌ನಲ್ಲೇ ಆ ಗೆರೆಯ ಮೇಲೆ ಹೋಗಿ ಎಂದಳು ನರ್ಸಮ್ಮ. ಮುಂದಿನ ಚಕ್ರ ಗೆರೆಯ ಆ ಕಡೆ ಈ ಕಡೆ ಓಲಾಡಿತು, ಕುಡಿದವನು ಮನೆ ಹುಡುಕಿಕೊಂಡು ಹೋಗುವ ಹಾಗೆ.

ಆಮೇಲೆ ಸ್ಪ್ಯಾನರ್ ತಂದರು. ಟೈಲರಕ್ಕ ಗೋಡೆ ಹಿಡಿದು ಸೀಟಿನ ಮೇಲೆ ಕೂತಳು.

“ಒಂದು ಪೆಡಲ್ ಪೂರ್ತಿ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗ್ಬೇಕು. ಆಗ್ಲಿಲ್ವಾ? ಇಳೀರಿ, ಇನ್ನೂ ಎತ್ತೋಣ. ಸೀಟಿನ ಕೆಳಗಿನ ಈ ಕೊಳವೆ ಮೇಲೆ ಒಂದು ಗೀಟು ಇದೆ ನೋಡಿ, ಅದು ಹೊರಗೆ ಕಾಣೋಷ್ಟು ಎತ್ತರಕ್ಕೆ ಎತ್ತಬಾರದು. ಹಾಂ, ಈಗ ಸರಿ. ತುಳಿಯೋವಾಗ ಹಿಮ್ಮಡಿ ಅಲ್ಲ, ಪಾದದ ಮುಂಭಾಗ ಪೆಡಲ್ ಮೇಲೆ ಇರ್ಲಿ. ಆಗ ಮಂಡಿ ಚೂರೇ ಚೂರು ಬಾಗಿರುತ್ತೆ. ನಿಮ್ಮ ಅಳತೆ ಅದೇ.”

“ಅಯ್ಯೋ, ಕಾಲು ನೆಲ ಮುಟ್ಟಲ್ಲ!” ಎಂದು ಕೂಗಿದರು ಅತ್ತೆ.

“ಕೂತಾಗ ಬೆರಳ ತುದಿ ತಾಗಿದ್ರೆ ಸಾಕಮ್ಮಾ. ನಿಲ್ಲಿಸೋವಾಗ ಎರಡೂ ಬ್ರೇಕ್ ಒಟ್ಟಿಗೆ ಹಿಡಿದು, ಸೀಟಿಂದ ಮುಂದಕ್ಕೆ ಜಾರಿ, ಒಂದು ಕಾಲು ನೆಲಕ್ಕೆ ಕೊಡೋದು. ಅಕ್ಕಾ, ಮಾಡಿ ತೋರ್ಸಿ.”

ಮೊದಲ ಸಲ ಟೈಲರಕ್ಕ ತಡವರಿಸಿದಳು. ಇನ್ನೊಂದೆರಡು ಸಲ ಮಾಡುವಷ್ಟರಲ್ಲಿ ಕಾಲಿಗೆ ಅಭ್ಯಾಸವಾಯಿತು. ಆಮೇಲೆ ಗೆರೆಯ ಮೇಲೆ ಹೊರಟಳು. ಈ ಸಲ ಚಕ್ರ ಗೆರೆ ಬಿಟ್ಟು ಅಲುಗಲಿಲ್ಲ. ಆ ತುದಿಯಲ್ಲಿ ನಿಲ್ಲಿಸಿ, ಜಾರಿ, ಕಾಲು ಕೊಟ್ಟು, ಹಿಂದಿರುಗಿ ನೋಡಿದಳು. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. “ಅತ್ತೆ, ಮಂಡಿ ಏನೂ ಅನ್ನಲಿಲ್ಲ!”

ಅತ್ತೆ ಸೈಕಲ್ ಸುತ್ತ ಒಂದು ಸುತ್ತು ಬಂದರು. ಬೆರಳಿನಿಂದ ಚೈನ್ ಮುಟ್ಟಿದರು. ಬೆರಳು ಕಪ್ಪಾಯಿತು. “ಮಂಡಿ ಸರಿಹೋಯ್ತು. ಲಂಗದ ಕಥೆ?”

“ಅದಕ್ಕೆ ಸೈಕಲ್‌ಗೂ ಬಟ್ಟೆ ತೊಡಿಸ್ಬೇಕು,” ಎಂದಳು ನರ್ಸಮ್ಮ. ಮೂಲೆಯ ಸೈಕಲ್ ಅಂಗಡಿಯವನ ಹತ್ತಿರ ಹೋಗಿ ಚೈನ್ ಕವರ್, ಮಡ್‌ಗಾರ್ಡ್, ಕ್ಯಾರಿಯರ್ ಹಾಕಿಸಿದರು. ಗಂಟೆಯೊಂದು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಹೊಸ ಸೈಕಲ್ ಬೇಕಾಗಲೇ ಇಲ್ಲ, ಇದ್ದದ್ದೇ ಕೆಲಸಕ್ಕೆ ಬಂತು. ಹಿಂದಿನ ಚಕ್ರದ ಕಡ್ಡಿಗಳಿಗೆ ಬಟ್ಟೆ ಸಿಗದಂತೆ ಎರಡೂ ಪಕ್ಕಕ್ಕೆ ಬಲೆ ಕಟ್ಟಬೇಕು ಎಂದಾಗ ಅಂಗಡಿಯವನು ಒಂದು ಹಳದಿ ಪ್ಲಾಸ್ಟಿಕ್ ಬಲೆ ತೋರಿಸಿದ.

ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದನ್ನ ಈರುಳ್ಳಿ ತುಂಬೋಕೆ ಇಟ್ಕೋ ಮಗಾ.”

ಮನೆಗೆ ಬಂದವರೇ ದಪ್ಪ ಹತ್ತಿ ದಾರ ತೆಗೆದು ಹೆಣೆಯಲು ಕೂತರು. ಅಗಲ ಕಣ್ಣಿನ ಬಲೆ, ಅಂಚಿಗೆ ಪುಟ್ಟ ಎಲೆಗಳ ಸಾಲು. ಸೊಸೆ ಪಕ್ಕದಲ್ಲೇ ಕೂತು ಹರಿದ ಲಂಗಕ್ಕೆ ಮಂಡಿಯವರೆಗೆ ಸೀಳು ಕೊಟ್ಟು, ಒಳಗೆ ಕಾಣದಂತೆ ಗುಂಡಿ ಇಟ್ಟಳು. ಹತ್ತುವಾಗ ಬಿಚ್ಚುವುದು, ಇಳಿದ ಮೇಲೆ ಹಾಕುವುದು. ಸಂಜೆಯ ಹೊತ್ತಿಗೆ ಬಲೆ ಮಡ್‌ಗಾರ್ಡಿನಿಂದ ಚಕ್ರದ ನಡುವಿನವರೆಗೆ ಬಿಗಿಯಾಗಿ ಕೂತಿತ್ತು. “ಬಿಗಿಯಾಗೇ ಇರ್ಲಿ ಅಮ್ಮಾ, ಸಡಿಲ ಆದ್ರೆ ಅದೇ ಕಡ್ಡಿಗೆ ಸಿಗುತ್ತೆ,” ಎಂದು ನರ್ಸಮ್ಮ ಎಳೆದೆಳೆದು ನೋಡಿದಳು. ಕಪ್ಪು ಸೈಕಲ್, ಬಿಳಿ ಬಲೆ. ನಿಜ ಹೇಳಬೇಕೆಂದರೆ ಗಾಜಿನೊಳಗೆ ನಿಂತಿದ್ದಾಗ ಅದಕ್ಕೆ ಅಷ್ಟು ಲಕ್ಷಣ ಇರಲಿಲ್ಲ.

ಬಿಸಿಲು ತಗ್ಗಿದ ಮೇಲೆ ನರ್ಸಮ್ಮ ಅವಳನ್ನು ಕರೆದುಕೊಂಡು ಸೇತುವೆಯವರೆಗೆ ಹೋಗಿ ಬಂದಳು. ದೊಡ್ಡ ರಸ್ತೆ ಬಿಟ್ಟು, ಲಾಂಡ್ರಿಯ ಹಿಂದಿನ ಗಲ್ಲಿ ಹಿಡಿದು. “ಬಸ್ಸು ಹೋಗೋ ದಾರೀನೇ ನಮ್ಮ ದಾರಿ ಆಗ್ಬೇಕಾಗಿಲ್ಲ ಅಕ್ಕಾ. ನಿಂತ ಕಾರುಗಳಿಂದ ಒಂದು ಕೈಯಷ್ಟು ದೂರ ಇರಿ, ಯಾವಾಗ ಬಾಗಿಲು ತೆಗೀತಾರೋ ಗೊತ್ತಾಗಲ್ಲ. ಹೆಲ್ಮೆಟ್ ಮರೀಬೇಡಿ. ಚೀಲ ಹೆಗಲಿಗಲ್ಲ, ಕ್ಯಾರಿಯರ್‌ಗೆ.”

ಸೋಮವಾರ ಬೆಳಿಗ್ಗೆ ಟೈಲರಕ್ಕ ಹೊರಟಾಗ ಅತ್ತೆ ಕಿಟಕಿಯಲ್ಲಿದ್ದರು. ತಿರುವಿನಲ್ಲಿ ಕಾಣದಾದ ಮೇಲೂ ಅಲ್ಲೇ ನಿಂತಿದ್ದರು.

ಸೇತುವೆಯ ಮೇಲೆ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ಟೈಲರಕ್ಕ ಪಕ್ಕದ ಹಾದಿಯಲ್ಲಿ ತನ್ನ ಪಾಡಿಗೆ ತಾನು ಸಾಗಿದಳು. ನದಿಯ ಗಾಳಿ ತಣ್ಣಗಿತ್ತು. ಅಂಗಡಿ ಮುಟ್ಟಿದಾಗ ಶಟರ್ ಇನ್ನೂ ಹಾಕಿತ್ತು. ತಪ್ಪು ದಿನ ಬಂದೆನೇನೋ ಎಂದು ಅವಳಿಗೇ ಅನುಮಾನವಾಯಿತಂತೆ. ಯಜಮಾನಿ ಬಂದು, ಬಾಗಿಲಲ್ಲಿ ನಿಂತವಳನ್ನು ನೋಡಿ, ಸೈಕಲ್ ನೋಡಿ, ಮತ್ತೆ ಅವಳನ್ನು ನೋಡಿದಳು. ಬೀಗ ತೆಗೆದು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟಳು.

“ಇನ್ಮೇಲೆ ನೀನೇ ತೆಗಿ. ನನಗಿಂತ ಮುಂಚೆ ಬರೋಳು ಸಿಕ್ಕಿದ್ಲು.”

ಸಂಜೆ ಅತ್ತೆ ಆ ಬೀಗದ ಕೈಯನ್ನು ತುಂಬಾ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಕಣ್ಣು ಒರೆಸಿಕೊಂಡು, ಮಾಮೂಲಿ ಗಡಸು ಧ್ವನಿಯಲ್ಲೇ ಹೇಳಿದರು. “ಹಾಗಾದ್ರೆ ನಾಳೆ ನಿನ್ನ ಇನ್ನೂ ಸ್ವಲ್ಪ ಬೇಗ ಎಬ್ಬಿಸ್ಬೇಕು. ಹೋಗು, ಚಕ್ರದ ಗಾಳಿ ನೋಡ್ಕೊಂಡು ಬಾ.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಿಟಕಿಯಲ್ಲಿ ನಿಂತು ಹೆದರುವ ಹಿರಿಯರೇ, ನಿಮ್ಮ ಮನೆಯಲ್ಲೂ ಧೂಳು ಹಿಡಿದ ಸೈಕಲ್ ಒಂದು ಇರಬಹುದು. ಮಂಡಿ ನೋವೆಂದೋ, ಬಟ್ಟೆ ಹಾಳಾಗುತ್ತದೆಂದೋ ಅದನ್ನು ಬಿಟ್ಟಿರಬಹುದು. ಸೈಕಲ್‌ಗಾಗಿ ನೀವು ಬೇರೆ ಬಟ್ಟೆ, ಬೇರೆ ವಯಸ್ಸು, ಬೇರೆ ಮೈ ತರಬೇಕಾಗಿಲ್ಲ. ಅದನ್ನೇ ನಿಮ್ಮ ಮೈಗೆ, ನಿಮ್ಮ ಬಟ್ಟೆಗೆ, ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ. ಈ ಭಾನುವಾರ ಅದನ್ನು ಹೊರಗೆ ತನ್ನಿ, ಗೊತ್ತಿದ್ದವರೊಬ್ಬರನ್ನು ಕರೆಯಿರಿ, ಗೋಡೆ ಹಿಡಿದು ಕೂತು ಪೆಡಲ್ ಮೇಲೆ ಹಿಮ್ಮಡಿ ಇಟ್ಟು ನೋಡಿ. ಸೋಮವಾರ ಬಸ್ಸು ಬರಲಿ, ಬಾರದಿರಲಿ, ನೀವು ಹೊತ್ತಿಗೆ ಸರಿಯಾಗಿ ತಲುಪುತ್ತೀರಿ.