ಒಂದು ಬಲೆ, ಎರಡು ಬೋಟು

ಫೋಲ್ಕರ್ಟನಿಗೆ ತನ್ನ ಕೆಲಸದ ಬಗ್ಗೆ ಅನುಮಾನ ಎಂಬುದೇ ಇರಲಿಲ್ಲ.

ಹಡಗುಗಳೂ ಮೀನುಬೋಟುಗಳೂ ಹಿಂದೆ ಬರೆದಿಟ್ಟ ನೀರಿನ ತಾಪಮಾನ, ಗಾಳಿ, ಮೋಡಗಳ ಮಾಹಿತಿಯನ್ನೆಲ್ಲ ಒಟ್ಟುಮಾಡಿ, ಕಸ ತೆಗೆದು, ತಿಂಗಳುವಾರು ಸರಾಸರಿ ಹಾಕಿ ಉತ್ತರ ಸಮುದ್ರದ ಹವಾಮಾನ ಸಂಗ್ರಹವೊಂದನ್ನು ಕಟ್ಟುವುದು ಹ್ಯಾಂಬರ್ಗಿನ ಕಚೇರಿಯಲ್ಲಿ ಅವನ ಕೆಲಸ. ಸಮುದ್ರದ ಬಗ್ಗೆ ಇಷ್ಟೆಲ್ಲ ಬಲ್ಲವನು ಬೋಟು ಹತ್ತಿದ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಕೊಳ್ಳುತ್ತಿದ್ದ. ಅದನ್ನು ಬೇರೆಯವರು ಹೇಳುವ ಮೊದಲು ತಾನೇ ಹೇಳಿ ನಗುತ್ತಿದ್ದ. ಹಾಗೆ ಮಾಡಿದರೆ ಅವಮಾನ ಅರ್ಧಕ್ಕೆ ಇಳಿಯುತ್ತದೆಂದು ಕಂಡುಕೊಂಡಿದ್ದ.

ಸೆಪ್ಟೆಂಬರ್ ಕೊನೆಗೆ ಅವನ ಗುತ್ತಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಸಂಗ್ರಹ ಬಿಡುಗಡೆಯಾದರೆ ನೌಕರಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆಗೆ.

ಕಸ ತೆಗೆಯಲು ಅವನೊಂದು ಪ್ರೋಗ್ರಾಂ ಬರೆದಿದ್ದ. ಒಂದೇ ದಿನ, ಒಂದೇ ಗಂಟೆ, ಒಂದೇ ಜಾಗ, ಒಂದೇ ತಾಪಮಾನ ಇರುವ ಎರಡು ದಾಖಲೆ ಸಿಕ್ಕರೆ, ಯಾರೋ ಒಂದನ್ನೇ ಎರಡು ಸಲ ಟೈಪ್ ಮಾಡಿದ್ದಾರೆಂದು ಅರ್ಥ. ಅಳಿಸು. ಅಳಿಸುವುದರಲ್ಲಿ ಇಷ್ಟು ಸುಖವಿದೆಯೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಮೊಯಿನ್, ಕಟುಕ," ಎಂದು ಆ ಕಡೆಯ ನಮಸ್ಕಾರ ಹೇಳಿದಳು ಪಕ್ಕದ ಮೇಜಿನ ಗೇಷೆ, ಕಾಫಿ ಹಿಡಿದು ಬಂದು. "ಇವತ್ತೆಷ್ಟು ತಲೆ ಉರುಳಿಸ್ದೆ?"

"ಒಟ್ಟು ನಾಲ್ಕು ಸಾವಿರ. ಎಲ್ಲೆಲ್ಲಿ ಅಂತ ನಕಾಶೆನೂ ಮಾಡಿದೀನಿ, ನೋಡು."

ಗೇಷೆ ಬಗ್ಗಿ ನೋಡಿದಳು. "ಟೈಪ್ ಮಾಡೋರ ತಪ್ಪಾಗಿದ್ರೆ ಸಮುದ್ರದ ತುಂಬ ಚೆಲ್ಲಿರ್ಬೇಕಲ್ವಾ? ಇವೆಲ್ಲ ಹೆರಿಂಗ್ ಮೀನು ಸಿಗೋ ಜಾಗದಲ್ಲೇ ಗುಂಪು ಕಟ್ಕೊಂಡಿವೆಯಲ್ಲೋ."

ಫೋಲ್ಕರ್ಟನ ಕಿವಿ ಬಿಸಿಯಾಯಿತು. ಹೆರಿಂಗ್ ಹಿಡಿಯಲು ಎರಡು ಬೋಟು ಅಕ್ಕಪಕ್ಕದಲ್ಲಿ ಓಡುತ್ತ ನಡುವೆ ಒಂದೇ ಬಲೆ ಎಳೆಯುತ್ತವೆ. ಒಂದೇ ಗಂಟೆ, ಒಂದೇ ಜಾಗ, ಒಂದೇ ನೀರು; ಇಬ್ಬರೂ ಬೇರೆಬೇರೆ ಅಳೆದರೂ ಒಂದೇ ತಾಪಮಾನ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ಬ್ಯೂಸುಮ್ ಬಂದರಿನ ಹುಡುಗ. ಅವನ ಅಜ್ಜ ಒಂದು ಬೋಟಿನಲ್ಲಿ, ಅಜ್ಜಿಯ ತಮ್ಮ ಬೋಯೆ ಇನ್ನೊಂದರಲ್ಲಿ, ಜೀವಮಾನವಿಡೀ ಹೀಗೇ ಬಲೆ ಎಳೆದಿದ್ದರು.

"ಅಯ್ಯೋ, ನಮ್ಮಜ್ಜನ್ನೇ ಅಳಿಸ್ಬಿಟ್ಟಿದೀನಿ."

"ಎರಡನೇ ಸಲ ಅನ್ನು," ಎಂದಳು ಗೇಷೆ. "ಮೊದಲನೇ ಸಲ ದೇವರು ಅಳಿಸಿದ್ದ."

ಮೇಲಧಿಕಾರಿ ಡಾಕ್ಟರ್ ಲೂರ್ಸೆನ್ ಸಮಾಧಾನದಿಂದಲೇ ಕೇಳಿಸಿಕೊಂಡರು. "ಈಗ ಹಾಗೇ ಬಿಡುಗಡೆ ಮಾಡಿ, ಆಮೇಲೆ ಸರಿಮಾಡೋಣ. ಎಲ್ಲ ಸರಾಸರಿ ಮತ್ತೆ ಹಾಕೋಕೆ ಹೋದ್ರೆ ನವೆಂಬರ್ ಆಗುತ್ತೆ. ನಿಮಗೆ ಅಷ್ಟು ದಿನ ಇಲ್ಲ, ಫೋಲ್ಕರ್ಟ್."

"ತಪ್ಪು ಅಂತ ಗೊತ್ತಿದ್ದೂ ನಾನು ಹೆಸರು ಹಾಕಲಾರೆ."

ತನ್ನ ದನಿ ತನಗೇ ಬಹಳ ಇಷ್ಟವಾಯಿತು. ಯಾರಾದರೂ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು ಎನಿಸಿತು. ಲೂರ್ಸೆನ್ ಆಗಲೇ ಕ್ಯಾಲೆಂಡರ್ ತಿರುವುತ್ತಿದ್ದರು.

ಅವನು ಅಳಿಸಿದ್ದನ್ನೆಲ್ಲ ಮೂಲ ಪ್ರತಿಯಿಂದ ವಾಪಸು ಸೇರಿಸಿ, ಹೊಸ ಸರಾಸರಿ ಅರ್ಧಕ್ಕೆ ಬರುವಷ್ಟರಲ್ಲಿ ಗುತ್ತಿಗೆ ಮುಗಿಯಿತು. ಉಳಿದದ್ದನ್ನು ಗೇಷೆ ಮುಗಿಸಿದಳು. ನವೆಂಬರಿನಲ್ಲಿ ಸಂಗ್ರಹ ಬಿಡುಗಡೆಯಾಯಿತು.

ಮರುದಿನವೇ ಅವನು ಬ್ಯೂಸುಮಿಗೆ ಹೋದ. ತಾಲ್ಕೆ ಅಜ್ಜಿ ಅಡುಗೆಮನೆಯಲ್ಲಿ ಸಿಗಡಿ ಸುಲಿಯುತ್ತ ಕೂತಿದ್ದಳು. ಅಜ್ಜನ ತಾಪಮಾನಗಳನ್ನು ಉಳಿಸಲು ನೌಕರಿ ಬಿಟ್ಟ ಕತೆಯನ್ನು ಅವನು ಅವಸರವಿಲ್ಲದೆ, ಅಜ್ಜಿ ಕಣ್ಣೊರೆಸಿಕೊಳ್ಳಲು ಅಲ್ಲಲ್ಲಿ ಜಾಗ ಬಿಟ್ಟು ಹೇಳಿದ.

"ಯಾವ ತಾಪಮಾನವೋ?"

"ದಿನಾ ಬಕೆಟ್ ಇಳಿಸಿ, ನೀರೆತ್ತಿ, ಅಳೆದು ಬರೀತಿದ್ರಲ್ಲ ಅಜ್ಜಿ."

ಅಜ್ಜಿಯ ಕೈಯಿಂದ ಸಿಗಡಿ ಜಾರಿ ಬಿತ್ತು. "ಬಕೆಟ್ಟಾ! ಆ ಸೋಮಾರಿನಾ?"

ಗಂಡಸರು ಕಡಲಿಗಿಳಿದಾಗ ಬೋಟುಗಳ ನಡುವಿನ ಮಾತು ಅಡುಗೆಮನೆಯ ರೇಡಿಯೋದಲ್ಲಿ ಕೇಳಿಸುತ್ತಿತ್ತು. ಯಾರು ಬದುಕಿದ್ದಾರೆ, ಯಾರು ಯಾರನ್ನು ಬೈಯುತ್ತಿದ್ದಾರೆ ಎಂದು ಹೆಂಗಸರು ಅದರಲ್ಲೇ ತಿಳಿದುಕೊಳ್ಳುತ್ತಿದ್ದರು.

"ದಿನಾ ಕೇಳ್ತಿದ್ದೆ ಕಣೋ. ನಿಮ್ಮಜ್ಜ, 'ಬೋಯೆ, ನಿಂದೆಷ್ಟು ಬಂತು?' ಅನ್ನೋನು. ನನ್ನ ತಮ್ಮ, 'ಹನ್ನೆರಡೂವರೆ' ಅನ್ನೋನು. 'ಸರಿ, ನಾನೂ ಅಷ್ಟೇ ಬರ್ಕೋತೀನಿ.' ಇರೋದೊಂದು ಬಲೆ, ಎರಡು ಬಕೆಟ್ ಯಾಕಂತೆ!"

"ಬೇರೆ ಜೋಡಿ ಬೋಟಿನವರು?"

"ಬೇರೆಯವರ ಕೈಗೇನು ಚಳಿ ಆಗ್ತಿರ್ಲಿಲ್ವಾ? ಎಲ್ಲರದ್ದೂ ಅದೇ ಹಾಡು. ತಗೋ, ಸಿಗಡಿ ತಿನ್ನು. ಸಣ್ಣಗಾಗಿದೀಯ."

ಪ್ರೋಗ್ರಾಂ ಮಾಡಿದ್ದೇ ಸರಿಯಾಗಿತ್ತು. ಸಂಗ್ರಹ ಕೆಟ್ಟದ್ದು ಫೋಲ್ಕರ್ಟನ ಆತ್ಮಸಾಕ್ಷಿಯಿಂದ. ಗೇಷೆಗೆ ಫೋನ್ ಮಾಡಿ ಹೇಳಿದ. ಅವಳು ನಗು ನಿಲ್ಲಿಸಲಾಗದೆ ಫೋನ್ ಇಟ್ಟಳು. ಒಬ್ಬರು ಅಳೆದು ಇಬ್ಬರು ಬರೆದ ನಾಲ್ಕು ಸಾವಿರ ದಾಖಲೆಗಳು ಆಗಲೇ ಊರೂರಿನ ತಜ್ಞರ ಕೈ ಸೇರಿದ್ದವು.

ಕಳೆದುಹೋದದ್ದು ಒಂದು ನೌಕರಿ. ತಾಪಮಾನ, ಒಂದೂ ಇಲ್ಲ.